ಗರ್ಭದ ಶಿಶುವಿನ ಹೃದಯದಲ್ಲಿ ದೋಷದ ಶಂಕೆ: ಹೆರಿಗೆ ತವರಿನಲ್ಲೋ, ಆಸ್ಪತ್ರೆ ಇರುವಲ್ಲೋ?

ವಜ್ರನಗರಿ ಸೂರತ್‌ನ ವರಾಛಾ ಪ್ರದೇಶದಲ್ಲಿ ಸೌರಾಷ್ಟ್ರದಿಂದ ಬಂದು ನೆಲೆಸಿದ ರತ್ನಕಲಾಕಾರರ ಮಧ್ಯೆ ಹೋಟೆಲ್, ಬ್ಯಾಂಕ್, ಸೀರೆ ಮಾರುಕಟ್ಟೆ ಎಂದು ಹೊಟ್ಟೆಪಾಡಿಗೆ ಬಂದ ಕನ್ನಡ ಕುಟುಂಬಗಳೂ ಅಲ್ಲೊಂದು ಇಲ್ಲೊಂದು ಇವೆ. ಮದುವೆಯಾಗಿ ವರ್ಷ ಕಳೆಯುವುದರೊಳಗೆ ಊರಿನಿಂದ ಬಂದ ಹೆಣ್ಣುಮಗಳಿಗೆ ಗುಜರಾತಿ ಭಾಷೆ ತರಕಾರಿ ಕೊಳ್ಳುವಷ್ಟು ಬಂದಿರುತ್ತದೆ, ವೈದ್ಯರೊಂದಿಗೆ ಮಾತನಾಡುವಷ್ಟು ಬಂದಿರುವುದಿಲ್ಲ. ಐದನೇ ತಿಂಗಳ ಸೋನೋಗ್ರಫಿಗೆ ಗಂಡನೇ ದುಭಾಷಿ. ಯಂತ್ರದ ಮುಂದೆ ಕುಳಿತ ವೈದ್ಯರು ಸ್ವಲ್ಪ ಹೊತ್ತು ಸುಮ್ಮನಿದ್ದು, ಮಗುವಿನ ಹೃದಯದಲ್ಲಿ ‘ಕಾಣುಂ ಹೋಯಿ ಶಕೆ’ ಎನ್ನುತ್ತಾರೆ. ಕಾಣುಂ ಎಂದರೆ ರಂಧ್ರ. ಹೋಯಿ ಶಕೆ ಎಂದರೆ ಇರಬಹುದು. ಗಂಡನ ಕಿವಿಗೆ ಬೀಳುವುದು ಮೊದಲನೆಯ ಪದ ಮಾತ್ರ. ಮನೆಗೆ ಬರುವಷ್ಟರಲ್ಲಿ ‘ಇರಬಹುದು’ ಎಂಬುದು ‘ಇದೆ’ ಎಂದಾಗಿರುತ್ತದೆ. ಊರಿಗೆ ಫೋನ್ ಹೋಗುವಷ್ಟರಲ್ಲಿ ‘ಮಗು ಉಳಿಯುವುದಿಲ್ಲವಂತೆ’ ಎಂದಾಗಿರುತ್ತದೆ.

ಹೊರನಾಡಿನಲ್ಲಿ ಈ ಕಷ್ಟಕ್ಕೆ ಸಿಲುಕುವ ಕುಟುಂಬಗಳು ಎಡವುವುದು ಬಹುಮಟ್ಟಿಗೆ ಇಲ್ಲಿಂದಲೇ. ಕಾಯಿಲೆಯ ಹೆಸರು ಗೊತ್ತಾಗುವ ಮೊದಲೇ ಶೋಕಾಚರಣೆ ಶುರುವಾಗಿಬಿಡುತ್ತದೆ.

ಐದನೇ ತಿಂಗಳಲ್ಲಿ ಶಿಶುವಿನ ಹೃದಯ ಒಂದು ದ್ರಾಕ್ಷಿ ಹಣ್ಣಿನಷ್ಟು. ಅದು ನಿಮಿಷಕ್ಕೆ 140ರ ಆಸುಪಾಸಿನಲ್ಲಿ ಬಡಿಯುತ್ತಿರುತ್ತದೆ, ಶಿಶುವೂ ಮಗ್ಗುಲು ಬದಲಿಸುತ್ತಿರುತ್ತದೆ. 18ರಿಂದ 22 ವಾರಗಳ ನಡುವೆ ಮಾಡುವ ಸಾಮಾನ್ಯ ಸ್ಕ್ಯಾನಿನಲ್ಲಿ ತಲೆಯಿಂದ ಪಾದದವರೆಗೆ ಎಲ್ಲ ಅಂಗಗಳನ್ನೂ ನೋಡಬೇಕು. ಹೃದಯಕ್ಕೆ ಸಿಗುವುದು ಕೆಲವೇ ನಿಮಿಷ. ಶಂಕೆ ಬಂದರೆ ಮುಂದಿನ ಹೆಜ್ಜೆ ಫೀಟಲ್ ಎಕೋ, ಅಂದರೆ ಗರ್ಭದ ಶಿಶುವಿನ ಹೃದಯವನ್ನಷ್ಟೇ ಅದರ ತರಬೇತಿ ಪಡೆದ ವೈದ್ಯರು ಸಾವಧಾನವಾಗಿ ನೋಡುವ ಪರೀಕ್ಷೆ. ಇದೂ ತಾಯಿಯ ಹೊಟ್ಟೆಯ ಮೇಲಿನಿಂದಲೇ ಮಾಡುವ ಸ್ಕ್ಯಾನ್. ಸೂಜಿಯಿಲ್ಲ, ನೋವಿಲ್ಲ. ಇಲ್ಲಿಂದ ಬರುವ ಉತ್ತರ ಎಷ್ಟೋ ಸಲ ಮೊದಲಿನದಕ್ಕಿಂತ ಹಗುರವಾಗಿರುತ್ತದೆ. ಹೃದಯದೊಳಗೆ ಬಿಳಿ ಚುಕ್ಕೆ ಕಂಡಿದೆ ಎಂದು ಹೆದರಿ ಬಂದವರಿಗೆ, ಬೇರೇನೂ ತೊಂದರೆ ಇಲ್ಲದಿದ್ದರೆ ಅದೊಂದು ದೋಷವೇ ಅಲ್ಲ ಎಂಬ ಉತ್ತರ ಸಿಗಬಹುದು. ಕೆಳಗಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ಸಣ್ಣ ರಂಧ್ರವಿದ್ದರೆ, ಅಂಥವುಗಳಲ್ಲಿ ಅನೇಕವು ಹುಟ್ಟಿದ ಮೇಲೆ ತಾವಾಗಿಯೇ ಮುಚ್ಚಿಕೊಳ್ಳುತ್ತವೆ. ಮೇಲಿನ ಎರಡು ಕೋಣೆಗಳ ನಡುವೆ ಗರ್ಭದಲ್ಲಿ ದಾರಿ ಇರುವುದಂತೂ ಎಲ್ಲ ಶಿಶುಗಳಲ್ಲೂ ಸಹಜ. ಅದಿಲ್ಲದಿದ್ದರೇ ತೊಂದರೆ!

ಹಾಗೆಂದು ಎಲ್ಲವೂ ಸುಳ್ಳು ಭಯವಲ್ಲ. ಜೀವಂತ ಹುಟ್ಟುವ ಸಾವಿರ ಮಕ್ಕಳಲ್ಲಿ ಎಂಟರಿಂದ ಹತ್ತು ಮಕ್ಕಳಿಗೆ ಹೃದಯದ ಒಂದಲ್ಲ ಒಂದು ದೋಷ ಇರುತ್ತದೆ ಎಂಬುದು ವೈದ್ಯರ ಅಂದಾಜು. ಇವರಲ್ಲಿ ಸುಮಾರು ಐದನೇ ಒಂದು ಭಾಗದಷ್ಟು ಮಕ್ಕಳಿಗೆ ಮೊದಲ ವರ್ಷದೊಳಗೇ ಚಿಕಿತ್ಸೆ ಬೇಕಾಗುತ್ತದೆ. ಶಂಕೆ ಎಂಬುದು ತೀರ್ಪಲ್ಲ, ನಿಜ. ಆದರೆ ಅದನ್ನು ಮರೆತುಬಿಡುವಂತೆಯೂ ಇಲ್ಲ. ‘ದೇವರು ದೊಡ್ಡವನು, ಹುಟ್ಟಿದ ಮೇಲೆ ನೋಡೋಣ’ ಎಂದು ಫೈಲನ್ನು ಕಪಾಟಿಗೆ ಸೇರಿಸುವ ಮನೆಗಳೂ ಇವೆ. ಅಳುತ್ತ ಕೂರುವ ಮನೆಗಿಂತ ಇಂಥ ಮನೆಯ ಮಗುವಿಗೇ ಅಪಾಯ ಹೆಚ್ಚು.

ಇನ್ನು ತಪ್ಪು ಯಾರದ್ದೆಂಬ ವಿಚಾರಣೆ. ಗ್ರಹಣದ ದಿನ ಹೊರಗೆ ಬಂದಳು, ಪಪ್ಪಾಯಿ ತಿಂದಳು, ಸ್ಕೂಟರ್ ಹಿಂದೆ ಕೂತು ಹೋದಳು, ಮೂರನೇ ಮಾಳಿಗೆಯ ಮೆಟ್ಟಿಲು ಹತ್ತಿದಳು. ಹೃದಯದ ರಚನೆ ಗರ್ಭದ ಮೊದಲ ಎಂಟು ವಾರಗಳಲ್ಲಿ, ಅಂದರೆ ಬಸುರಿ ಎಂದು ಖಚಿತವಾಗುವ ಹೊತ್ತಿಗೇ, ಬಹುಪಾಲು ಮುಗಿದಿರುತ್ತದೆ. ಆಗಿನ ಮೆಟ್ಟಿಲಿಗೂ ಪಪ್ಪಾಯಿಗೂ ಇದಕ್ಕೂ ಸಂಬಂಧವಿಲ್ಲ. ಬಹುತೇಕ ಪ್ರಕರಣಗಳಲ್ಲಿ ಇಂಥದ್ದೇ ಕಾರಣ ಎಂದು ಹೇಳಲು ಬರುವುದಿಲ್ಲ. ಗರ್ಭ ಧರಿಸುವಾಗಲೇ ತಾಯಿಗೆ ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ ಇದ್ದರೆ, ಮೊದಲ ತಿಂಗಳುಗಳಲ್ಲಿ ರುಬೆಲ್ಲಾ ಬಂದಿದ್ದರೆ, ಹತ್ತಿರದ ರಕ್ತಸಂಬಂಧದಲ್ಲಿ ಮದುವೆಯಾಗಿದ್ದರೆ ಸಾಧ್ಯತೆ ಸ್ವಲ್ಪ ಹೆಚ್ಚು. ಸೋದರಮಾವನಿಗೋ ಅತ್ತೆಯ ಮಗನಿಗೋ ಕೊಟ್ಟು ಮದುವೆ ಮಾಡಿಸಿದ ಹಿರಿಯರೇ ಆಮೇಲೆ ಸೊಸೆಯ ಮೆಟ್ಟಿಲು ಲೆಕ್ಕ ಹಾಕುವುದು ವಿಪರ್ಯಾಸವಲ್ಲದೆ ಮತ್ತೇನು? ಮೊದಲ ಮಗುವಿಗೆ ದೋಷವಿದ್ದರೆ ಮುಂದಿನದಕ್ಕೆ ಬರುವ ಸಾಧ್ಯತೆ ಸಾಮಾನ್ಯವಾಗಿ ನೂರಕ್ಕೆ ಎರಡು ಮೂರು. ‘ಈ ವಂಶಕ್ಕೇ ಹೀಗೆ’ ಎಂದು ಮನೆಮಂದಿ ಮಾತು ಮುಚ್ಚಿಡುವುದು, ನಾದಿನಿಯ ಮದುವೆಗೆ ಅಡ್ಡಿಯಾದೀತೆಂದು ಸೊಸೆಯ ಬಾಯಿ ಕಟ್ಟುವುದು ಯಾವ ಲೆಕ್ಕದಲ್ಲೂ ಸರಿಯಲ್ಲ.

ಬಸುರಿಯಿಂದಲೇ ವಿಷಯ ಮುಚ್ಚಿಡುವ ರೂಢಿ ಇನ್ನೊಂದು. ಅವಳು ಹೆದರಿದರೆ ಮಗುವಿಗೆ ಆಗದು ಎಂಬ ಕಾಳಜಿ ಇದರ ಹಿಂದಿದೆ, ಇಲ್ಲವೆನ್ನಲಾಗದು. ಆದರೆ ಗಂಡ ಬಾಲ್ಕನಿಗೆ ಹೋಗಿ ಫೋನಿನಲ್ಲಿ ಪಿಸುಗುಟ್ಟುವುದನ್ನು, ಅತ್ತೆ ಏಕಾಏಕಿ ಪ್ರೀತಿ ತೋರುವುದನ್ನು ನೋಡುವ ಹೆಂಗಸಿಗೆ ಏನೂ ತಿಳಿಯುವುದಿಲ್ಲ ಎಂದುಕೊಳ್ಳುವವರಿಗೆ ಏನು ಹೇಳುವುದು? ವರದಿಯನ್ನು ಅವಳ ಮುಂದೆ, ಅವಳ ಭಾಷೆಯಲ್ಲಿ ಓದಿ ಹೇಳಬೇಕು. ಅಳುವುದಿದ್ದರೆ ಅಳಲಿ. ದೋಷದ ಹೆಸರೇನು, ಹುಟ್ಟಿದ ತಕ್ಷಣ ಚಿಕಿತ್ಸೆ ಬೇಕೇ, ತಿಂಗಳು ಕಾಯಬಹುದೇ, ಬೇರೆ ಅಂಗಗಳು ಸರಿಯಿವೆಯೇ ಎಂಬ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಅವಳೇ ವೈದ್ಯರನ್ನು ಕೇಳಲಿ.

ಕಾಯಿದೆಗೂ ವಾರಗಳ ಲೆಕ್ಕವುಂಟು. 2008ರಲ್ಲಿ ಮುಂಬಯಿಯ ದಂಪತಿಯೊಂದು ತಮ್ಮ ವೈದ್ಯ ಡಾ. ನಿಖಿಲ್ ದಾತಾರ್ ಅವರೊಂದಿಗೆ ಬಾಂಬೆ ಹೈಕೋರ್ಟಿನ ಮೆಟ್ಟಿಲೇರಿದ್ದನ್ನು ಹಳೆಯ ಓದುಗರು ಮರೆತಿರಲಾರರು. ಗರ್ಭದ ಶಿಶುವಿಗೆ ಹಾರ್ಟ್ ಬ್ಲಾಕ್ ಇದೆ ಎಂದು ತಿಳಿಯುವ ಹೊತ್ತಿಗೆ ಆಗಿನ 20 ವಾರಗಳ ಗಡುವು ದಾಟಿತ್ತು. ಆಗಸ್ಟ್‌ನಲ್ಲಿ ನ್ಯಾಯಾಲಯ ಅನುಮತಿ ನಿರಾಕರಿಸಿತು. ಅದೇ ತಿಂಗಳು ಆ ತಾಯಿಗೆ ತಾನಾಗಿಯೇ ಗರ್ಭಪಾತವಾಯಿತು. 2017ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ಕೋಲ್ಕತ್ತಾದ ಮಹಿಳೆಯೊಬ್ಬರಿಗೆ, ಶಿಶುವಿನ ಹೃದಯದ ತೀವ್ರ ದೋಷದ ಕಾರಣಕ್ಕೆ, 26ನೇ ವಾರದಲ್ಲಿ ಅನುಮತಿ ನೀಡಿತು. 2021ರ ತಿದ್ದುಪಡಿಯ ನಂತರ ಇಂಥ ಸಂದರ್ಭಗಳಲ್ಲಿ 24 ವಾರಗಳವರೆಗೆ ಇಬ್ಬರು ವೈದ್ಯರ ಅಭಿಪ್ರಾಯ ಸಾಕು. ಗಂಭೀರ ದೋಷವಿದ್ದು 24 ವಾರ ದಾಟಿದ್ದರೆ ವೈದ್ಯಕೀಯ ಮಂಡಳಿ ನಿರ್ಧರಿಸುತ್ತದೆ. ಮುಂದುವರಿಸುವುದೋ ಬಿಡುವುದೋ ಆ ತಾಯಿಯ ನಿರ್ಧಾರ. ನೆಂಟರಿಷ್ಟರು ಅದರಲ್ಲಿ ತಲೆಹಾಕುವಂತಿಲ್ಲ. ಆದರೆ ಯಾವ ನಿರ್ಧಾರಕ್ಕೂ ಖಚಿತ ವರದಿ ಬೇಕು, ವರದಿಗೆ ಸಮಯ ಬೇಕು. ಮೊದಲ ಸ್ಕ್ಯಾನನ್ನೇ ಆರನೇ ತಿಂಗಳಿಗೆ ಮಾಡಿಸಿದರೆ ಯೋಚಿಸಲು ಉಳಿಯುವುದು ಬೆರಳೆಣಿಕೆಯ ದಿನ.

ಈಗ ಮುಖ್ಯ ಮಾತು. ಗರ್ಭ ಮುಂದುವರಿಸುವುದೆಂದು ನಿರ್ಧರಿಸಿದ ಕುಟುಂಬದಲ್ಲಿ ಮೊದಲು ಏಳುವ ಮಾತು ‘ಏಳನೇ ತಿಂಗಳಲ್ಲಿ ಸೀಮಂತ ಮುಗಿಸಿ ಊರಿಗೆ ಕಳಿಸಿ’ ಎಂಬುದು. ‘ಇಲ್ಲಿಗೇ ಬಾ ಮಗಾ, ನಾನಿದ್ದೇನಲ್ಲ’ ಎಂದು ಅಮ್ಮ ಕರೆದಾಗ ಪರಊರಿನಲ್ಲಿರುವ ಯಾವ ಮಗಳ ಮನಸ್ಸು ನಿಂತೀತು? ಬಾಣಂತನಕ್ಕೆ ತವರಿನಂಥ ಜಾಗ ಬೇರೆ ಇಲ್ಲ. ಆದರೆ ತವರಿನಲ್ಲಿ ಅಮ್ಮ ಇದ್ದಾಳೆ, ಮಕ್ಕಳ ಹೃದಯತಜ್ಞರು ಇದ್ದಾರೆಯೇ?

ಇದು ಏಕೆ ಮುಖ್ಯವೆಂದರೆ, ಗರ್ಭದಲ್ಲಿರುವಾಗ ಶಿಶುವಿಗೆ ಪ್ರಾಣವಾಯು ಬರುವುದು ಮಾಸಿನಿಂದ. ಹೃದಯದ ಎರಡು ದೊಡ್ಡ ರಕ್ತನಾಳಗಳು ಅದಲು ಬದಲಾಗಿದ್ದರೂ ಅದು ಒಂಬತ್ತು ತಿಂಗಳು ಚೆನ್ನಾಗಿಯೇ ಬೆಳೆಯುತ್ತದೆ. ಹುಟ್ಟುವಾಗ ತೂಕವೂ ಸರಿ, ಅಳುವೂ ಸರಿ. ಗರ್ಭದಲ್ಲಿ ತೆರೆದಿದ್ದ ಸಣ್ಣ ನಾಳವೊಂದು ಹುಟ್ಟಿದ ಒಂದೆರಡು ದಿನಗಳಲ್ಲಿ ಮುಚ್ಚಿಕೊಳ್ಳತೊಡಗಿದಾಗ ಮಗು ನೀಲಿಯಾಗುತ್ತದೆ. ಆ ನಾಳವನ್ನು ತೆರೆದಿಡಲು ಪ್ರೋಸ್ಟಗ್ಲ್ಯಾಂಡಿನ್ ಎಂಬ ಔಷಧವನ್ನು ಡ್ರಿಪ್ ಮೂಲಕ ಕೊಡುತ್ತಾರೆ, ಮೊದಲ ಕೆಲವು ವಾರಗಳಲ್ಲೇ ಶಸ್ತ್ರಚಿಕಿತ್ಸೆ ಮಾಡಿ ನಾಳಗಳನ್ನು ಸರಿಯಾದ ಜಾಗಕ್ಕೆ ಜೋಡಿಸುತ್ತಾರೆ. ಮೊದಲೇ ತಿಳಿದಿದ್ದು ಸರಿಯಾದ ಆಸ್ಪತ್ರೆಯಲ್ಲಿ ಹುಟ್ಟಿದ ಮಗು ಮುಂದೆ ಶಾಲೆಗೆ ಹೋಗುತ್ತದೆ, ಆಡುತ್ತದೆ. ಅದೇ ಮಗು ತಾಲೂಕಿನ ಹೆರಿಗೆ ಆಸ್ಪತ್ರೆಯಲ್ಲಿ ಹುಟ್ಟಿ ರಾತ್ರೋರಾತ್ರಿ ಆಂಬುಲೆನ್ಸಿನಲ್ಲಿ ದೂರದ ನಗರಕ್ಕೆ ಹೋಗುವ ಪ್ರಸಂಗ ಬಂದರೆ, ದಾರಿಯ ಪ್ರತಿ ಗಂಟೆಯೂ ಅದಕ್ಕೆ ನಷ್ಟ. ಇಂಥ ಮಗುವನ್ನು ಸಾಗಿಸಲು ತಾಯಿಯ ಹೊಟ್ಟೆಗಿಂತ ಸುರಕ್ಷಿತ ವಾಹನ ಇನ್ನೂ ತಯಾರಾಗಿಲ್ಲ. ಹೋಗುವುದಾದರೆ ಹೆರಿಗೆಗೆ ಮೊದಲೇ ಹೋಗಬೇಕು.

ತವರು ಮಣಿಪಾಲ, ಮಂಗಳೂರು, ಬೆಂಗಳೂರಿನ ಆಸುಪಾಸಿನಲ್ಲಿದ್ದು, ಅಲ್ಲಿನ ತಜ್ಞರು ವರದಿ ನೋಡಿ ಬರಹೇಳಿದ್ದರೆ ಮಾತು ಬೇರೆ. ಬೆಂಗಳೂರಿನಲ್ಲಿ ಜಯದೇವ ಸಂಸ್ಥೆ, ನಾರಾಯಣ ಹೃದಯಾಲಯ, 2001ರಿಂದ ವೈಟ್‌ಫೀಲ್ಡ್‌ನಲ್ಲಿ ಉಚಿತ ಸೇವೆ ನೀಡುತ್ತಿರುವ ಶ್ರೀ ಸತ್ಯಸಾಯಿ ಆಸ್ಪತ್ರೆ ಇವೆ. ಕಿನ್ನಿಗೋಳಿಯ ಡಾ. ದೇವಿ ಶೆಟ್ಟಿ 1992ರಲ್ಲಿ ಕೋಲ್ಕತ್ತಾದಲ್ಲಿ ಹಸುಗೂಸಿಗೆ ಹೃದಯದ ಶಸ್ತ್ರಚಿಕಿತ್ಸೆ ಮಾಡಿದ್ದು ಕರಾವಳಿಯವರಿಗೆ ಹೆಮ್ಮೆಯ ಸಂಗತಿ. ಆದರೆ ತವರೂರು ಕುಂದಾಪುರದ ಒಳಹಳ್ಳಿಯೋ ಇಂಡಿ ತಾಲೂಕಿನ ಮೂಲೆಯೋ ಆಗಿದ್ದರೆ ಅಲ್ಲಿಗಿಂತ ಗುಜರಾತೇ ಲೇಸು. ಸೂರತ್‌ನಿಂದ ಸುಮಾರು 260 ಕಿ.ಮೀ. ದೂರದ ಅಹಮದಾಬಾದಿನ ಸಿವಿಲ್ ಆಸ್ಪತ್ರೆಯ ಆವರಣದಲ್ಲಿ ಯು.ಎನ್. ಮೆಹ್ತಾ ಹೃದ್ರೋಗ ಸಂಸ್ಥೆ ಇದೆ. ಅದಕ್ಕೆ ಸೇರಿದ ಮಕ್ಕಳ ಹೃದಯ ಆಸ್ಪತ್ರೆ 2020ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾಯಿತು. ರಾಜಕೋಟ್ ಮತ್ತು ಅಹಮದಾಬಾದಿನಲ್ಲಿ ಸತ್ಯಸಾಯಿ ಹೃದಯ ಆಸ್ಪತ್ರೆಗಳೂ ಉಂಟು. ಇತ್ತ ಮುಂಬಯಿಯೂ ಹೆಚ್ಚುಕಡಿಮೆ ಅಷ್ಟೇ ದೂರ. ಅಮ್ಮನೇ ಎರಡು ತಿಂಗಳ ಮಟ್ಟಿಗೆ ಇಲ್ಲಿಗೆ ಬಂದರೆ ಬಾಣಂತನವೂ ಆಯಿತು, ಚಿಕಿತ್ಸೆಯೂ ಆಯಿತು. ಪದ್ಧತಿ ಮುರಿಯಿತೆಂದು ಯಾವ ದೇವರೂ ಮುನಿಯಲಾರ.

ಹಣದ ವಿಚಾರ ಚುಟುಕಾಗಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಹುಟ್ಟಿನಿಂದ ಬರುವ ಹೃದಯದೋಷವೂ ಸೇರಿದೆ. ಗುಜರಾತ್ ಸರಕಾರ 2023ರ ಜುಲೈಯಲ್ಲಿ ಆಯುಷ್ಮಾನ್ ಮಾ ಕಾರ್ಡಿನ ಮಿತಿಯನ್ನು ಕುಟುಂಬಕ್ಕೆ 10 ಲಕ್ಷ ರೂಪಾಯಿಗೆ ಏರಿಸಿದೆ. ತೊಡಕಿರುವುದು ಕಾಗದಪತ್ರಗಳಲ್ಲಿ. ಎಷ್ಟೋ ಮಂದಿಯ ರೇಷನ್ ಕಾರ್ಡ್ ಇನ್ನೂ ಊರಿನದ್ದೇ, ಆಧಾರ್ ವಿಳಾಸವೂ ಊರಿನದ್ದೇ. ಊರಿನ ಕಾರ್ಡ್ ಇಲ್ಲಿನ ಆಸ್ಪತ್ರೆಯಲ್ಲಿ ನಡೆಯುತ್ತದೆಯೇ ಎಂದು ಆಸ್ಪತ್ರೆಯ ಆಯುಷ್ಮಾನ್ ಕೌಂಟರಿನಲ್ಲಿ ಆರನೇ ತಿಂಗಳಲ್ಲೇ ವಿಚಾರಿಸಬೇಕು, ಹೆರಿಗೆ ಕೋಣೆಯ ಬಾಗಿಲಲ್ಲಿ ನಿಂತು ಅಲ್ಲ. ಖಾಸಗಿ ವಿಮೆ ಇದ್ದವರು ನವಜಾತ ಶಿಶುವಿಗೆ ಮೊದಲ ದಿನದಿಂದಲೇ ರಕ್ಷಣೆ ಇದೆಯೇ, ಹುಟ್ಟಿನಿಂದ ಬಂದ ದೋಷ ಅದರಲ್ಲಿ ಸೇರುತ್ತದೆಯೇ ಎಂಬ ಎರಡು ಸಾಲುಗಳನ್ನು ಪಾಲಿಸಿಯಲ್ಲಿ ಹುಡುಕಿ ಓದಲಿ. ಏಜೆಂಟನ ಬಾಯಿಮಾತು ಕ್ಲೇಮಿನ ಹೊತ್ತಿಗೆ ಉಪಯೋಗಕ್ಕೆ ಬಾರದು.

ಹೊರನಾಡ ಸಂಘ-ಸಂಸ್ಥೆಗಳು ಇಲ್ಲಿ ಮಾಡಬಹುದಾದ ಕೆಲಸಕ್ಕೆ ದೊಡ್ಡ ನಿಧಿಯೇನೂ ಬೇಡ. ಗುಜರಾತಿಯೂ ಕನ್ನಡವೂ ಚೆನ್ನಾಗಿ ಬಲ್ಲ, ಆದಷ್ಟು ಮಟ್ಟಿಗೆ ಮಕ್ಕಳನ್ನು ಹೆತ್ತ ಅನುಭವವಿರುವ ನಾಲ್ಕು ಮಂದಿ ಮಹಿಳೆಯರ ಪಟ್ಟಿಯೊಂದು ಸಾಕು. ಇಂಥ ಸ್ಕ್ಯಾನಿಗೆ ಹೋಗುವ ಹೆಣ್ಣುಮಗಳ ಜೊತೆ ಒಬ್ಬರು ಹೋಗಿ ‘ಹೋಯಿ ಶಕೆ’ ಎಂದರೆ ಇರಬಹುದು ಎಂದು ಅವಳ ಕೈ ಹಿಡಿದು ಹೇಳಲಿ. ಅಹಮದಾಬಾದಿನಲ್ಲಿ ಹದಿನೈದು ದಿನ ತಂಗಲು ಕೋಣೆ ಕೊಡಬಲ್ಲ ಕನ್ನಡಿಗರ ಒಂದೆರಡು ಫೋನ್ ನಂಬರ್ ಕಾರ್ಯದರ್ಶಿಯ ಬಳಿ ಇರಲಿ. ವಾರ್ಷಿಕೋತ್ಸವದ ಶಾಲು ಹಾರಗಳ ಬಾಬ್ತಿನಲ್ಲಿ ನಾಲ್ಕು ಹಾರ ಕಡಿಮೆಯಾದರೆ ಇಬ್ಬರ ರೈಲು ಖರ್ಚು ಬಂತು.

ಸ್ಕ್ಯಾನಿನಲ್ಲಿ ಏನೂ ಕಾಣದ ಮನೆಗಳಿಗೂ ಒಂದು ಮಾತು. ಕೆಲವು ದೋಷಗಳು ಗರ್ಭದಲ್ಲಿ ಕಣ್ಣಿಗೆ ಬೀಳುವುದೇ ಇಲ್ಲ. ಕೊರೊನಾ ಕಾಲದಲ್ಲಿ ಮನೆಮಾತಾದ ಆಕ್ಸಿಮೀಟರ್‌ನ ಪುಟ್ಟ ಪಟ್ಟಿಯನ್ನು ಹುಟ್ಟಿದ 24 ಗಂಟೆಗಳ ನಂತರ ಮಗುವಿನ ಬಲಗೈಗೂ ಪಾದಕ್ಕೂ ಕಟ್ಟಿ ನೋಡುವ ಪರೀಕ್ಷೆಯಿದೆ. ಕೆಲವೇ ನಿಮಿಷದ ಕೆಲಸ. ಮನೆಗೆ ಕಳಿಸುವ ಮೊದಲು ಅದಾಗಿದೆಯೇ ಎಂದು ಕೇಳಲು ಸಂಕೋಚ ಬೇಡ.

ಸೂರತ್‌ನಿಂದ ಕೊಂಕಣ ದಾರಿಯ ರೈಲುಗಳ ಟಿಕೆಟ್ 60 ದಿನ ಮುಂಚೆ ತೆರೆಯುತ್ತದೆ. ಹೀಗಾಗಿ ಏಳನೇ ತಿಂಗಳ ಸೀಟು ಐದನೇ ತಿಂಗಳಲ್ಲೇ ಕಾದಿರಿಸುವ ಅಭ್ಯಾಸ, ಸ್ಕ್ಯಾನಿನ ಹೊತ್ತಿಗೆ ಸರಿಯಾಗಿ. ವೈದ್ಯರು ಶಂಕೆ ವ್ಯಕ್ತಪಡಿಸಿದ್ದರೆ ಫೀಟಲ್ ಎಕೋದ ವರದಿ ಕೈಗೆ ಬರುವ ತನಕ ಆ ಟಿಕೆಟ್ ತೆಗೆಯುವುದು ಬೇಡ. ತೆಗೆದಾಗಿದ್ದರೆ, ಅದೇ ದಿನಕ್ಕೆ ಊರಿನಿಂದ ಇತ್ತ ಬರುವ ರೈಲಿನಲ್ಲಿ ಅಮ್ಮನ ಹೆಸರಿಗೊಂದು ಸೀಟು ಸಿಗುವುದೇ ನೋಡಲಿ.