ಶಾಂತವೇರಿಗೆ ಸಲ್ಲಬೇಕಾದ ಗೌರವ

ಶಾಂತವೇರಿ ಗೋಪಾಲಗೌಡರ ಜನ್ಮಶತಮಾನೋತ್ಸವದ ಭಾಷಣಗಳು ಮುಗಿದಿವೆ. 1951ರ ಕಾಗೋಡು ಸತ್ಯಾಗ್ರಹದಲ್ಲಿ ಗೇಣಿದಾರರ ಜತೆ ನಿಂತ ಈ ಸಮಾಜವಾದಿ, ಮರುವರ್ಷವೇ ವಿಧಾನಸಭೆ ಪ್ರವೇಶಿಸಿದರು. ಒಟ್ಟು ಮೂರು ಬಾರಿ ಶಾಸಕರಾದರು. ಗೇಣಿ ಅಳೆಯುವ ಕೊಳಗದ ಅನ್ಯಾಯ ಸದನದ ಪ್ರಶ್ನೆಯಾದದ್ದರಲ್ಲಿ ಅವರ ಪಾಲು ದೊಡ್ಡದು. 1972ರಲ್ಲಿ ಅವರು ತೀರಿಕೊಂಡರು. ಉಳುವವನಿಗೆ ಭೂಮಿ ಕೊಟ್ಟ 1974ರ ತಿದ್ದುಪಡಿಯನ್ನು ಅವರು ನೋಡಲಿಲ್ಲ.

ವಿಧಾನಸೌಧದ ಸಮೀಪದ ವೃತ್ತಕ್ಕೆ ಅವರ ಹೆಸರಿದೆ, ಅದು ಸರಿಯೇ. ಆದರೆ ಸ್ಮರಣೆ ನಾಮಫಲಕಕ್ಕೆ ನಿಂತರೆ, ಅವರು ಎತ್ತಿದ ಭೂಮಿಯ ಪ್ರಶ್ನೆ ಇತಿಹಾಸದ ಪಾಠವಷ್ಟೇ ಆಗುತ್ತದೆ. ಅವರದೇ ಮಲೆನಾಡಿನಲ್ಲಿ ಶರಾವತಿ ಮುಳುಗಡೆಯ ಅನೇಕ ಕುಟುಂಬಗಳು ಹಕ್ಕುಪತ್ರಕ್ಕೆ ಇನ್ನೂ ಅಲೆಯುತ್ತಿವೆ. ಸರ್ಕಾರ ಮೊದಲು ಈ ಕುಟುಂಬಗಳ ಹಕ್ಕನ್ನು ಕಾಲಮಿತಿಯೊಳಗೆ ಇತ್ಯರ್ಥಪಡಿಸಬೇಕು. ಅದಕ್ಕೆ ಅಡ್ಡಿಯಾಗಿರುವ ಅರಣ್ಯ ಕಾನೂನಿನ ತೊಡಕನ್ನು ಕೇಂದ್ರದೊಂದಿಗೆ ಕುಳಿತು ಬಿಡಿಸಬೇಕು.