ಹನ್ನೆರಡೇ ಏಕೆ?

ವಾರ್ಷಿಕ ಸಂಚಿಕೆಗೆ ಕಬ್ಬಿಣ ಎತ್ತುವ ವಿಚಾರವಾಗಿ ಲೇಖನ ಕೊಡುತ್ತೇನೆಂದಾಗ ಸಂಪಾದಕ ಮಂಡಲಿಯ ಮಿತ್ರರು ನಕ್ಕರು. ಕಲಾ ಕಾಲೇಜಿಗೂ ಕಬ್ಬಿಣಕ್ಕೂ ಏನು ಸಂಬಂಧವೆಂಬುದು ಆ ನಗೆಯ ತಾತ್ಪರ್ಯ. ‘ಶಾಂತಲಾ’ ಕಾದಂಬರಿಯನ್ನು ಬರೆದ ಕೆ. ವಿ. ಅಯ್ಯರ್ ಅವರೇ ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿ ಅನೇಕ ತರುಣರ ಮೈ ತಿದ್ದಿದವರೆಂದು ನೆನಪಿಸಿದ ಮೇಲೆ ನಗೆ ನಿಂತಿತು. ಎರಡು ಪುಟ ದೊರೆಯಿತು.

ನಮ್ಮ ಕಾಲೇಜಿನ ವ್ಯಾಯಾಮದ ಕೋಣೆಯನ್ನು ಬಲ್ಲವರಿಗೆ ಅದರ ಗೋಡೆಯ ಪಟವೂ ಗೊತ್ತು. ಬಲ ಬೇಕಾದರೆ 1ರಿಂದ 5 ಸಲ, ಮೈ ತುಂಬಬೇಕಾದರೆ 8ರಿಂದ 12 ಸಲ, ತಾಳಿಕೆ ಬೇಕಾದರೆ 15ಕ್ಕೆ ಮೇಲೆ ಎಂದು ಅದರಲ್ಲಿ ಮೂರು ಮನೆಗಳಿವೆ. ಒಮ್ಮೆ ಎತ್ತಿ ಇಳಿಸುವುದಕ್ಕೆ ಅಲ್ಲಿ ‘ರೆಪ್ಪು’ ಎಂದೂ, ಬಿಡುವಿಲ್ಲದೆ ಮಾಡಿದ ಒಂದು ಸರದಿಗೆ ‘ಸೆಟ್ಟು’ ಎಂದೂ ಹೆಸರು. ಮೊದಲನೆಯ ವರ್ಷ ನಾನು ಆ ಪಟವನ್ನು ಪಂಚಾಂಗದಂತೆ ನಂಬಿದೆ. ಮೈ ತುಂಬಬೇಕಾಗಿತ್ತು, ಆದುದರಿಂದ ಹನ್ನೆರಡು. ಹನ್ನೆರಡು ಎಣಿಸಿದೊಡನೆ ರಾಡು ಕೆಳಕ್ಕೆ. ಐದು ತಿಂಗಳು ಕಳೆದರೂ ಅಂಗಿಯ ತೋಳು ಸಡಿಲವಾಗಿಯೇ ಉಳಿಯಿತು. ತಪ್ಪೆಲ್ಲ ಹಾಸ್ಟೆಲಿನ ಸಾರಿನದೆಂದು ತೀರ್ಮಾನಿಸಿ ಅಡಿಗೆಯವರೊಡನೆ ಜಗಳವಾಡಿದ್ದೂ ಉಂಟು. (ಅವರಲ್ಲಿ ಈಗ ಕ್ಷಮೆ ಕೇಳುತ್ತೇನೆ, ಸಾರು ನೀರಾಗಿತ್ತೆಂಬುದು ಬೇರೆ ಮಾತು.)

ಒಂದು ದಿನ ಗೆಳೆಯನೊಬ್ಬ, “ಹನ್ನೆರಡಕ್ಕ ಯಾಕ ನಿಂದ್ರಸ್ತೀಯೋ? ಇನ್ನೂ ಎತ್ತು, ನೋಡೂಣು” ಎಂದ. ಎತ್ತಿದೆ. ಇಪ್ಪತ್ತಾರರ ತನಕ ಹೋಯಿತು! ಎಂದರೆ ಐದು ತಿಂಗಳೂ ನಾನು ಅರ್ಧ ದಾರಿಯಿಂದಲೇ ಹಿಂದಿರುಗುತ್ತಿದ್ದೆ. ಹನ್ನೆರಡೆಂಬುದು ನನಗೆ ಶ್ರಮದ ಅಳತೆಯಾಗಿರಲಿಲ್ಲ, ಶಾಲೆ ಬಿಡುವ ಗಂಟೆಯಾಗಿತ್ತು.

ಇಂಥ ಲೆಕ್ಕಗಳ ಹಿಂದೆ ಒಂದು ಕಥೆಯಿದೆ. ಎರಡನೆಯ ಮಹಾಯುದ್ಧದಲ್ಲಿ ಗಾಯಗೊಂಡು ಸೊರಗಿದ ಸೈನಿಕರ ಕಾಲುಗಳಿಗೆ ಅಮೆರಿಕದ ಸೈನ್ಯದ ವೈದ್ಯರಾದ ಥಾಮಸ್ ಡೆಲಾರ್ಮ್ ಭಾರ ಎತ್ತಿಸಿ ಬಲ ತುಂಬಿದರು. 1945ರಲ್ಲಿ ಆ ಕ್ರಮವನ್ನು ಪ್ರಕಟಿಸಿದರು. ಅವರ ಅಳತೆಗೋಲು ಹತ್ತು. ಆದರೆ ಎಂಥ ಹತ್ತು? ಹತ್ತು ಸಲ ಎತ್ತಬಹುದು, ಹನ್ನೊಂದನೆಯ ಸಲ ಕೈಲಾಗದು, ಅಂಥ ಭಾರದ ಹತ್ತು. ಮೊದಲು ದಿನಕ್ಕೆ 70ರಿಂದ 100 ಸಲ ಎತ್ತಿಸುತ್ತಿದ್ದವರು, 1948ರಲ್ಲಿ ವಾಟ್ಕಿನ್ಸ್ ಎಂಬವರೊಡನೆ ಬರೆದಾಗ 20ರಿಂದ 30 ಸಾಕೆಂದರು. ಬಲ ಬಂದಂತೆ ಭಾರ ಏರಬೇಕೆಂಬುದೇ ಅವರ ಕ್ರಮದ ಜೀವಾಳ. ನಮ್ಮ ಗೋಡೆಗೆ ಬರುವಷ್ಟರಲ್ಲಿ ಅಂಕಿ ಉಳಿದು ಷರತ್ತು ಅಳಿಸಿಹೋಗಿದೆ.

ಇನ್ನು ಪಟದ ಮೂರು ಮನೆಗಳ ನಡುವಣ ಗೋಡೆ. ಅದು ನಾವು ತಿಳಿದಷ್ಟು ಗಟ್ಟಿಯಲ್ಲ. 2012ರಲ್ಲಿ ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾನಿಲಯದವರು ಒಂದು ಪ್ರಯೋಗವನ್ನು ಪ್ರಕಟಿಸಿದರು. ತರುಣರು 10 ವಾರ ತೊಡೆಯ ವ್ಯಾಯಾಮ ಮಾಡಿದರು. ಒಮ್ಮೆ ಮಾತ್ರ ಎತ್ತಬಲ್ಲ ಭಾರದಲ್ಲಿ ಶೇಕಡ 80ರಷ್ಟನ್ನು ಕೆಲವು ಕಾಲುಗಳಿಗೂ, ಶೇಕಡ 30ರಷ್ಟನ್ನೇ ಕೆಲವಕ್ಕೂ ಕೊಟ್ಟರು. ಆದರೆ ಎಲ್ಲರೂ ಇನ್ನು ಸಾಧ್ಯವಿಲ್ಲವೆನ್ನುವ ತನಕ ಎತ್ತಬೇಕು. ಮೂರು ಮೂರು ಸೆಟ್ಟು ಮಾಡಿದ ಎರಡು ಗುಂಪುಗಳಲ್ಲಿಯೂ ತೊಡೆ ಹೆಚ್ಚು ಕಡಿಮೆ ಒಂದೇ ಸಮನಾಗಿ ಬೆಳೆಯಿತು. ಒಮ್ಮೆಗೆ ಎತ್ತುವ ಬಲ ಮಾತ್ರ ಹೆಚ್ಚು ಭಾರ ಎತ್ತಿದವರಿಗೇ ಹೆಚ್ಚಾಗಿ ಬಂದಿತು.

ಇದಕ್ಕೆ ಕಾರಣ ಊಹಿಸಲಾಗದ್ದೇನಲ್ಲ. ಸಂತೆಯ ಪೇಟೆಯಲ್ಲಿ ಹಗುರ ಗಂಟಿಗೆ ಹುಡುಗರನ್ನು ಕರೆಯುತ್ತಾರೆ. ಅವರು ದಣಿದರೆ ಹಮಾಲರ ಸರದಿ. ನರವೂ ಹಾಗೆಯೇ. ಹಗುರ ಭಾರಕ್ಕೆ ಸ್ನಾಯುವಿನ ಸಣ್ಣ ತಂಡಗಳನ್ನು ಕರೆದು, ಅವು ಸೋಲುತ್ತ ಬಂದಾಗ ದೊಡ್ಡ ತಂಡಗಳನ್ನು ಎಬ್ಬಿಸುತ್ತದೆ. ನಾನು ಹನ್ನೆರಡಕ್ಕೆ ನಿಲ್ಲಿಸುತ್ತಿದ್ದಾಗ ನನ್ನ ಹಮಾಲರು ಮಲಗಿಯೇ ಇದ್ದರು.

ಬಲದ ಮಾತು ಬೇರೆ. ವಿಜಯಪುರದ ಕಡೆಯ ನಮ್ಮೂರ ಜಾತ್ರೆಯಲ್ಲಿ ಸಂಗ್ರಾಣಿ ಕಲ್ಲು ಎತ್ತುವವರನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಅವರಲ್ಲಿ ಕೆಲವರ ತೋಳು ನಮ್ಮ ಕನ್ನಡಿಯ ಮುಂದಿನ ವೀರರ ತೋಳಿಗಿಂತ ಸಣ್ಣದು. ಆದರೂ ಕಲ್ಲು ಮೇಲೇಳುತ್ತದೆ. ಭಾರವಾದುದನ್ನು ಎತ್ತುವುದೂ ಒಂದು ವಿದ್ಯೆ. ಭಾರವಾದುದನ್ನು ಎತ್ತಿಯೇ ಅದನ್ನು ಕಲಿಯಬೇಕು. ನಮ್ಮಲ್ಲಿ ಅನೇಕರು ಪೊಲೀಸ್ ಕಾನ್ಸ್‌ಟೇಬಲ್ ಹುದ್ದೆಗೆ ಅರ್ಜಿ ಹಾಕುವವರು. ಅಲ್ಲಿ ಗುಂಡನ್ನು ಎಸೆಯುವುದು ಒಂದೇ ಕ್ಷಣದ ಕೆಲಸ; ಅದಕ್ಕೆ ಇಪ್ಪತ್ತೈದು ಸಲದ ಸೆಟ್ಟಿಗಿಂತ ಐದು ಸಲದ ಭಾರಿ ಸೆಟ್ಟೇ ಹೆಚ್ಚು ನೆರವಾದೀತೆಂದು ನನ್ನ ಅಭಿಪ್ರಾಯ. ಎದೆ, ತೋಳು ತುಂಬುವುದಕ್ಕೆ ಆರಾದರೂ ಸರಿ, ಇಪ್ಪತ್ತಾದರೂ ಸರಿ. ಕೊನೆಯ ಎರಡು ಮೂರು ಸಲ ನಿಜವಾಗಿ ಕಷ್ಟವಾಗಬೇಕು, ಅಷ್ಟೆ. ಆದರೆ ಒಬ್ಬನೇ ಇರುವಾಗ ಎದೆಯ ಮೇಲೆ ರಾಡು ಹಿಡಿದು ಸೋಲುವ ತನಕ ಎತ್ತುವ ಸಾಹಸ ಬೇಡ.

ಈಚೆಗೆ ಇನ್ನೊಂದು ಮಡಿ ಬಂದಿದೆ: ಗಡಿಯಾರ. ಒಂದು ಸೆಟ್ಟು 40ರಿಂದ 60 ಸೆಕೆಂಡು ನಡೆಯಲೇಬೇಕಂತೆ. ಮೊಬೈಲಿನಲ್ಲಿ ಯಾರೋ ಹೇಳಿದ್ದನ್ನು ಕೇಳಿ ನಮ್ಮ ಮಿತ್ರರೊಬ್ಬರು ತುಂಬಿದ ಕೊಡವನ್ನು ಬಾವಿಯಿಂದ ಸೇದುವಂತೆ ಮೆಲ್ಲಮೆಲ್ಲನೆ ಎತ್ತುತ್ತಾರೆ. 2015ರಲ್ಲಿ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದವರಿಗೆ ಕಂಡದ್ದಿಷ್ಟು: ಒಂದು ಸಲಕ್ಕೆ ಅರ್ಧ ಸೆಕೆಂಡು ಹಿಡಿದರೂ ಎಂಟು ಸೆಕೆಂಡು ಹಿಡಿದರೂ ಬೆಳವಣಿಗೆ ಸುಮಾರು ಒಂದೇ, ಹತ್ತು ಸೆಕೆಂಡಿಗೂ ಮೀರಿ ಎಳೆದರೆ ನಷ್ಟವೇ ಇದ್ದೀತು. ಇಳಿಸುವಾಗ ಭಾರ ನಮ್ಮ ಹತೋಟಿಯಲ್ಲಿದ್ದರೆ ಸಾಕು. ಬಿಡುವಿನ ವಿಷಯಕ್ಕೆ ಬಂದರೆ, 2016ರ 8 ವಾರದ ಪ್ರಯೋಗವೊಂದರಲ್ಲಿ ಸೆಟ್ಟುಗಳ ನಡುವೆ ಒಂದು ನಿಮಿಷ ಕುಳಿತವರಿಗಿಂತ ಮೂರು ನಿಮಿಷ ಕುಳಿತವರಿಗೇ ಹೆಚ್ಚು ಲಾಭವಾಯಿತು. ಒಂದೇ ರಾಡಿಗೆ ಮೂವರು ಸರದಿ ನಿಲ್ಲುವ ನಮ್ಮ ಬಡತನ ಇಲ್ಲಿ ವರವಾಗಿದೆ!

ಪ್ರಾಂಶುಪಾಲರಲ್ಲಿಯೂ ದೈಹಿಕ ಶಿಕ್ಷಣದ ಗುರುಗಳಲ್ಲಿಯೂ ನನ್ನ ಬಿನ್ನಹ ಚಿಕ್ಕದು. ಆ ಪಟವನ್ನು ತೆಗೆಸಿ, ಅದರ ಮೊಳೆಗೆ ಒಂದು ನೋಟ್ ಪುಸ್ತಕವನ್ನೂ ಪೆನ್ಸಿಲನ್ನೂ ತೂಗುಹಾಕಿಸಬೇಕು. ಯಾರು, ಎಷ್ಟು ಭಾರ, ಎಷ್ಟು ಸಲ ಎಂದು ಅವರವರೇ ಬರೆಯಲಿ. ಸಣ್ಣ ತಟ್ಟೆಗಳು, ಒಂದೂಕಾಲು ಕಿಲೋದವು, ಒಂದು ಜೊತೆ ಬೇಕು. ಈಗ ಭಾರ ಏರಿಸಬೇಕಾದರೆ ಒಮ್ಮೆಗೇ ಹತ್ತು ಕಿಲೋ ಏರಬೇಕಾಗಿದೆ. ವಿದ್ಯಾರ್ಥಿನಿಯರಿಗೆ ಆ ಕೋಣೆಯಲ್ಲಿ ವೇಳೆಯನ್ನೇ ಇಟ್ಟಿಲ್ಲ. ಪೊಲೀಸ್ ಇಲಾಖೆ ಅವರಿಂದಲೂ ಗುಂಡು ಎಸೆಯಿಸುತ್ತದೆಂಬುದನ್ನು ಮರೆತಂತಿದೆ.

ಪುಸ್ತಕ ಬರುವ ತನಕ ಕಾಯಲಾರದೆ ನಾನು ಒಂದು ಹಾಳೆಯನ್ನು ಅಲ್ಲಿ ಅಂಟಿಸಿದ್ದೇನೆ. ಅದರ ಮೊದಲ ಸಾಲು: ಸೋಮವಾರ, 40 ಕಿಲೋ, 9 ಸಲ, ಹತ್ತನೆಯದು ಅರ್ಧಕ್ಕೆ ನಿಂತಿತು, ಗೆಳೆಯ ಹಿಡಿದ.