ಕಾಕಂಬಿಯ ಕುಲಗೋತ್ರ

ಬಳ್ಳಾರಿಯ ಬಿಸಿಲು ನಾಡಿಗೆಲ್ಲ ಪ್ರಸಿದ್ಧ. ಆ ನಗರದಿಂದ ಕುರುಗೋಡು, ಸಿರುಗುಪ್ಪಗಳ ಕಡೆಗೆ ಹೊರಟವರು ಎರೆಹೊಲಗಳ ನಡುವೆ ಹರಿಯುವ ಕಾಲುವೆಗಳನ್ನು ಕಾಣುತ್ತಾರೆ. 1953ರಲ್ಲಿ ತುಂಗಭದ್ರಾ ಜಲಾಶಯದಿಂದ ನೀರು ಹರಿಯತೊಡಗಿದ ಮೇಲೆ, ಮಳೆಯನ್ನೇ ನೆಚ್ಚಿದ್ದ ಎಷ್ಟೋ ಹೊಲಗಳು ಗದ್ದೆಗಳಾದವು. ಬತ್ತದ ಜೊತೆಗೆ ಕಬ್ಬೂ ಬೆಳೆಯಿತು. ಸಿರುಗುಪ್ಪ ತಾಲ್ಲೂಕಿನ ದೇಶನೂರಿಗೆ ಸಕ್ಕರೆಯ ಕಾರ್ಖಾನೆಯೂ ಬಂದಿತು.

ಕಬ್ಬಿನ ಹಾಲನ್ನು ಕಾಯಿಸಿ ಸಕ್ಕರೆಯ ಹರಳುಗಳನ್ನು ಬೇರ್ಪಡಿಸಿದ ಮೇಲೆ ಉಳಿಯುವ ಕಪ್ಪನೆಯ ಮಂದದ್ರವವೇ ಕಾಕಂಬಿ. ಒಂದು ಟನ್ ಕಬ್ಬನ್ನು ಅರೆದರೆ ಸುಮಾರು 40ರಿಂದ 45 ಕಿಲೋಗ್ರಾಂ ಕಾಕಂಬಿ ದೊರೆಯುತ್ತದೆ. ಇದಕ್ಕೆ ನೀರು ಬೆರೆಸಿ, ಯೀಸ್ಟಿನಿಂದ ಹುದುಗಿಸಿ, ಬಟ್ಟಿಯಿಳಿಸಿದರೆ ಬರುವ ಮದ್ಯಕ್ಕೆ ರಮ್ ಎಂದು ಹೆಸರು. ಕಬ್ಬು ಉಷ್ಣವಲಯದ ಬೆಳೆ. ಆದಕಾರಣ ರಮ್ ಕೂಡ ಉಷ್ಣವಲಯದ್ದೇ ಆಗಿರಬೇಕೆಂದು ಹಲವರ ನಂಬಿಕೆ. ಆದರೆ ಕಬ್ಬಿನ ಒಂದು ಗರಿಯೂ ಚಿಗುರದ ಸ್ಕಾಟ್ಲೆಂಡಿನಲ್ಲಿಯೂ ಇಂದು ಸಣ್ಣ ಭಟ್ಟಿಗಳವರು ಕಾಕಂಬಿಯನ್ನು ತರಿಸಿಕೊಂಡು ರಮ್ ತಯಾರಿಸುತ್ತಿದ್ದಾರೆ. ಅದನ್ನು ರುಚಿ ನೋಡಿದವರಲ್ಲಿ ಕೆಲವರು ‘ಇದು ನಕಲಿ’ ಎಂದು ಮೂಗು ಮುರಿಯುವುದುಂಟು. ಈ ಆಕ್ಷೇಪಣೆ ಯುಕ್ತವೇ?

ಯುಕ್ತವಲ್ಲವೆಂದು ನನ್ನ ಅಭಿಪ್ರಾಯ. ನಾಲಿಗೆ ತಾನಾಗಿ ಅರಿಯುವುದು ಸಿಹಿ, ಹುಳಿ, ಉಪ್ಪು, ಕಹಿ ಮೊದಲಾದ ಕೆಲವೇ ರುಚಿಗಳನ್ನು. ಉಳಿದುದೆಲ್ಲ ಬಾಯಿಯ ಹಿಂಬದಿಯಿಂದ ಮೂಗಿಗೇರುವ ಪರಿಮಳ. ರಮ್ಮಿನ ಪರಿಮಳಕ್ಕೆ ಮುಖ್ಯ ಕಾರಣ ಹುದುಗುವಾಗ ಹುಟ್ಟುವ ಎಸ್ಟರುಗಳು. ಈಥೈಲ್ ಬ್ಯುಟಿರೇಟ್ ಎಂಬ ಎಸ್ಟರಿಗೆ ಅನಾನಸಿನ ವಾಸನೆಯಿದೆ. ಯೀಸ್ಟಿಗೆ ಬೇಕಾದುದು ಸಕ್ಕರೆ ಮತ್ತು ಹದವಾದ ಶಾಖ. ಅಕ್ಷಾಂಶವನ್ನು ಅದು ಕೇಳುವುದಿಲ್ಲ. ಚಳಿನಾಡಿನ ರಮ್ ಹೊಸತೂ ಅಲ್ಲ. ಅಮೆರಿಕದ ಮಂಜು ಬೀಳುವ ನ್ಯೂ ಇಂಗ್ಲೆಂಡ್ ಪ್ರಾಂತದ ಭಟ್ಟಿಗಳು ಹದಿನೆಂಟನೆಯ ಶತಮಾನದಲ್ಲಿಯೇ ವೆಸ್ಟ್ ಇಂಡೀಸಿನ ಕಾಕಂಬಿಯಿಂದ ರಮ್ ಇಳಿಸುತ್ತಿದ್ದವು. ಆ ಕಬ್ಬನ್ನು ಬೆಳೆದವರು ಆಫ್ರಿಕದಿಂದ ಸೆರೆತಂದ ಗುಲಾಮರು. ಅವರ ಹೆಸರು ಯಾವ ಪೀಪಾಯಿಯ ಮೇಲೂ ಬರಲಿಲ್ಲ.

ಹವೆಯ ಪ್ರಭಾವ ಇಲ್ಲವೆಂದಲ್ಲ. ಅದು ಮುಖ್ಯವಾಗಿ ಕಂಡುಬರುವುದು ಓಕ್ ಮರದ ಪೀಪಾಯಿಯಲ್ಲಿ ಮದ್ಯ ಮಾಗುವಾಗ. ಮರದ ಮೂಲಕ ಆವಿಯಾಗಿ ಹೋಗುವ ಭಾಗವನ್ನು ಭಟ್ಟಿಯವರು ‘ದೇವತೆಗಳ ಪಾಲು’ ಎನ್ನುತ್ತಾರೆ. ಸ್ಕಾಟ್ಲೆಂಡಿನಲ್ಲಿ ಅದು ವರ್ಷಕ್ಕೆ ಸುಮಾರು ಶೇಕಡ 2. ಬೆಂಗಳೂರಿನಲ್ಲಿ ಶೇಕಡ 10ಕ್ಕೂ ಮಿಕ್ಕುತ್ತದೆ. ಲೆಕ್ಕ ಹಾಕಿ ನೋಡಿ: 100 ಲೀಟರಿನಲ್ಲಿ ಹತ್ತು ವರ್ಷಗಳ ಬಳಿಕ ಅಲ್ಲಿ ಸುಮಾರು 82 ಲೀಟರ್ ಉಳಿದರೆ, ಶೇಕಡ 10ರಂತೆ ಇಲ್ಲಿ ಉಳಿಯುವುದು 35 ಲೀಟರ್ ಮಾತ್ರ. ಆದರೆ ಶಾಖವಿದ್ದೆಡೆ ಮದ್ಯ ಬೇಗ ಮಾಗುತ್ತದೆ. ಹವೆ ಮದ್ಯದ ಗುಣವನ್ನು ಬದಲಿಸೀತು, ಕುಲವನ್ನು ಬದಲಿಸದು.

ಹಾಗಾದರೆ ನಕಲಿ ಎಲ್ಲಿದೆ? ಅದನ್ನು ಹುಡುಕಲು ಸ್ಕಾಟ್ಲೆಂಡಿಗೆ ಹೋಗಬೇಕಾಗಿಲ್ಲ. ನಮ್ಮ ದೇಶದಲ್ಲಿ ‘ವಿಸ್ಕಿ’ ಎಂದು ಮಾರಾಟವಾಗುವ ಅಗ್ಗದ ಮದ್ಯಗಳಲ್ಲಿ ಅನೇಕವಕ್ಕೆ ಬಹುಕಾಲದಿಂದ ಕಾಕಂಬಿಯ ಮದ್ಯಸಾರವೇ ಆಧಾರ. ವಿಸ್ಕಿಯಾದರೋ ಧಾನ್ಯದಿಂದ ಆಗತಕ್ಕದ್ದು. ಯುರೋಪಿನ ಒಕ್ಕೂಟದ ಕಾನೂನಿನಂತೆ ಕಾಕಂಬಿಯ ಮದ್ಯವನ್ನು ವಿಸ್ಕಿಯೆಂದು ಮಾರುವಂತಿಲ್ಲ. ವಿಚಿತ್ರವನ್ನು ನೋಡಿ: ಚಳಿನಾಡಿನವರು ನಮ್ಮಂಥ ನಾಡಿನ ಕಬ್ಬಿನಿಂದ ಮದ್ಯ ಮಾಡಿ ಅದನ್ನು ಕಬ್ಬಿನ ಹೆಸರಿನಿಂದಲೇ ಕರೆಯುತ್ತಾರೆ, ಕಬ್ಬಿನ ನಾಡಿನವರಾದ ನಾವು ಅದಕ್ಕೆ ಚಳಿನಾಡಿನ ಹೆಸರನ್ನು ಹಚ್ಚುತ್ತೇವೆ!

‘ಶೇಕಡ 96ರವರೆಗೆ ಶುದ್ಧಿಮಾಡಿದ ಮದ್ಯಸಾರದಲ್ಲಿ ಮೂಲದ ಪರಿಮಳವೇ ಉಳಿಯುವುದಿಲ್ಲ; ಮತ್ತೇಕೆ ಕುಲದ ವಿಚಾರ?’ ಎಂದು ಕೇಳಬಹುದು. ಮೂಗು ಸೋತಲ್ಲಿ ವಿಜ್ಞಾನ ಸೋಲುವುದಿಲ್ಲ. ಪ್ರಕೃತಿಯ ಇಂಗಾಲದಲ್ಲಿ ನೂರಕ್ಕೆ ಒಂದರಷ್ಟು ಪರಮಾಣುಗಳು ತುಸು ಭಾರವಾದ ಇಂಗಾಲ-13 ಎಂಬ ಸಮಸ್ಥಾನಿಯವು. ಗಾಳಿಯಿಂದ ಇಂಗಾಲವನ್ನು ಹೀರಿಕೊಳ್ಳುವಲ್ಲಿ ಕಬ್ಬಿನ ಮಾರ್ಗ ಬೇರೆ, ಬಾರ್ಲಿ, ಗೋಧಿ, ಅಕ್ಕಿಗಳ ಮಾರ್ಗ ಬೇರೆ. ಕಬ್ಬಿನಲ್ಲಿ ಭಾರದ ಇಂಗಾಲದ ಪ್ರಮಾಣ ತುಸು ಹೆಚ್ಚು. ಎಷ್ಟು ಸಲ ಬಟ್ಟಿಯಿಳಿಸಿದರೂ ಈ ಗುರುತು ಅಳಿಯದು. ಸೂಕ್ಷ್ಮವಾದ ಯಂತ್ರದಲ್ಲಿಟ್ಟು ಅಳೆದರೆ, ಬಾರ್ಲಿಯ ಹೆಸರು ಹೊತ್ತ ಮದ್ಯವು ಕಬ್ಬಿನ ಸಂತಾನವೆಂಬುದು ಬಯಲಾಗುತ್ತದೆ.

ಆದುದರಿಂದ ನನ್ನ ಮಾತು ಇಷ್ಟೆ: ಸೀಸೆಯ ಮೇಲಿನ ಚೀಟಿಯಲ್ಲಿ ಮೂರು ಸಂಗತಿಗಳು ಕಡ್ಡಾಯವಾಗಿ ಇರಬೇಕು. ಯಾವ ಬೆಳೆಯಿಂದ ಮಾಡಿದುದು, ಆ ಬೆಳೆ ಎಲ್ಲಿಯದು, ಬಟ್ಟಿಯಿಳಿಸಿದುದು ಎಲ್ಲಿ. ಈ ನಿಯಮ ಸ್ಕಾಟ್ಲೆಂಡಿನ ರಮ್ಮಿಗೂ ಸಲ್ಲಬೇಕು, ನಮ್ಮ ‘ವಿಸ್ಕಿ’ಗೂ ಸಲ್ಲಬೇಕು. ಇದು ಮದ್ಯಪಾನದ ಪ್ರಶಂಸೆಯೆಂದು ವಿದ್ಯಾರ್ಥಿಗಳು ಭಾವಿಸಬಾರದು. ಮದ್ಯವು ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1988ರಲ್ಲಿಯೇ ನಿರ್ಣಯಿಸಿದೆ. ಅಪಾಯಕರವಾದ ಪದಾರ್ಥದ ವಿಷಯದಲ್ಲಂತೂ ಜನರಿಗೆ ನಿಜ ತಿಳಿಯುವುದು ಇನ್ನಷ್ಟು ಅಗತ್ಯ.

ನಿಮಗೆ ರುಚಿಯ ಪರೀಕ್ಷೆ ಮಾಡುವ ಆಸೆಯಿದ್ದರೆ ಆಲೆಮನೆಯ ಬೆಲ್ಲ ಸಾಕು. ಮೂಗು ಹಿಡಿದುಕೊಂಡು ಒಂದು ಚೂರನ್ನು ಬಾಯಿಗೆ ಹಾಕಿಕೊಳ್ಳಿ; ಬರೀ ಸಿಹಿ ತಿಳಿಯುತ್ತದೆ. ಮೂಗು ಬಿಡಿ, ಆಗ ಬೆಲ್ಲ ಬೆಲ್ಲವಾಗುತ್ತದೆ. ವಸ್ತುವನ್ನು ಅದರ ಹೆಸರಿನಿಂದಲೇ ಕರೆಯುವುದು ವಿಜ್ಞಾನದ ಮೊದಲ ಪಾಠ. ಸಿರುಗುಪ್ಪದ ಗದ್ದೆಯಲ್ಲಿ ಬೆವರು ಸುರಿಸಿದವನ ಬೆಳೆಗೆ ಪರದೇಶದ ಹೆಸರು ಕಟ್ಟುವವರೆಗೆ ನಾವು ಆ ಪಾಠವನ್ನು ಕಲಿತಂತಾಗುವುದಿಲ್ಲ.